ಏಳನೇ ದೀಪಕ್ಕೆ ಡೈರೆಕ್ಟ್

ಸುರಪುರದ ಸುತ್ತಿನ ಹೊಲಗಳಲ್ಲಿ ರಾಜಾಸಾಬನ ಹೆಸರು ನಡೆಯುತ್ತಿದ್ದುದು ಒಂದೇ ಸರಕಿನ ಮೇಲೆ: ‘ಡೈರೆಕ್ಟ್’. ಪಂಪ್‌ಸೆಟ್ಟಿನ ಸ್ಟಾರ್ಟರು ಮೋಟಾರು ಉಳಿಸಲೆಂದು ತಾನಾಗಿ ಆಫ್ ಆದರೆ, ದೇವಾಪುರದವರು ಸ್ಟಾರ್ಟರನ್ನೇ ಬೈದು ಅವನನ್ನು ಕರೆಸುತ್ತಿದ್ದರು. ಅವನು ಗೇಣುದ್ದ ವೈರಿನಲ್ಲಿ ಅದರ ಬಾಯಿ ಕಟ್ಟಿ, ಕರೆಂಟು ನೇರ ಮೋಟಾರಿಗೇ ಹರಿಯುವಂತೆ ಮಾಡಿ ಬರುತ್ತಿದ್ದ. ಕೆಲವೇ ದಿನಗಳಲ್ಲಿ ಮೋಟಾರು ಸುಡುತ್ತಿತ್ತು; ಅದಕ್ಕೆ ಹೊಸ ತಂತಿ ಸುತ್ತಿಕೊಡುವವನೂ ಅವನೇ. ಇಂಥ ಎರಡು ಬಾಗಿಲಿನ ವ್ಯಾಪಾರ ಎಲ್ಲರಿಗೂ ದಕ್ಕುವುದಿಲ್ಲ.

ಈ ಕೈಗುಣ ಕೇಳಿಯೇ ಯಾದಗಿರಿಯ ಗುತ್ತಿಗೆದಾರ ಅಜರುದ್ದೀನ ಅವನನ್ನು ಊರಾಚೆಯ ಕೆಮಿಕಲ್ ಕಾರ್ಖಾನೆಗೆ ಕರೆತಂದಿದ್ದ. ಹನ್ನೆರಡು ಕಡೆ ಗ್ಯಾಸು ಮೂಸುವ ಡಬ್ಬಿಗಳು. ಒಂದೊಂದಕ್ಕೂ ಮೂರು ವೈರು: ಎರಡು ಕರೆಂಟಿಗೆ, ಮೂರನೆಯದು ಮೂಸಿದ ಸುದ್ದಿಯನ್ನು ಆಫೀಸಿನ ಪ್ಯಾನೆಲ್ಲಿಗೆ ಒಯ್ಯಲು. ಹನ್ನೊಂದು ಹಸಿರು ದೀಪ ಹತ್ತಿದವು. ಏಳನೆಯದು, ಡ್ರಮ್ಮು ತೊಳೆಯುವ ಶೆಡ್ಡಿನದು, ಹಳದಿಯಲ್ಲೇ ನಿಂತಿತು. ಸುದ್ದಿಯ ವೈರು ನೆಲದ ಪೈಪಿನೊಳಗೆ ಎಲ್ಲೋ ಕಡಿದಿತ್ತು. ಹೊಸದು ಎಳೆಯಲು ಅರ್ಧ ದಿನ ಬೇಕು. ತಪಾಸಣೆಯ ಸಾಹೇಬರು ಬರಲು ಅರ್ಧ ತಾಸಿತ್ತು.

‘ರಾಜಾಭಾಯ್, ಮೋಟಾರಿಗಿ ಮಾಡ್ತೀಯಲ್ಲ, ಅದನ್ನ ಮಾಡು,’ ಎಂದ ಅಜರುದ್ದೀನ. ‘ಸಾಹೇಬರು ದೀಪ ನೋಡ್ತಾರ. ವೈರಿನ ಜಾತಕ ಕೇಳಂಗಿಲ್ಲ.’

‘ನಾಳಿ ಹೊಸಾದು ಎಳಿತೀನ್ರಿ.’

‘ನಾಳಿ ಎಳಿ. ಇವತ್ತು ಹಸರ ಬೇಕು.’

ರಾಜಾಸಾಬ ಪ್ಯಾನೆಲ್ಲಿನ ಹಿಂದೆ ಜೋಳದ ಕಾಳಿನಷ್ಟು ರೆಸಿಸ್ಟರೊಂದನ್ನು ಸಿಕ್ಕಿಸಿದ. ಇನ್ನು ಶೆಡ್ಡಿನಲ್ಲಿ ಏನೇ ತುಂಬಲಿ, ಪ್ಯಾನೆಲ್ಲಿಗೆ ‘ಗ್ಯಾಸಿಲ್ಲ’ ಎಂಬ ಒಂದೇ ಸುದ್ದಿ. ಯಂತ್ರಕ್ಕೂ ಲಂಚ ಒಗ್ಗಿತು, ಏಳನೆಯದೂ ಹಸಿರಾಯಿತು.

ಬಿಟ್ಟುಬಂದ ಸ್ಕ್ರೂಡ್ರೈವರಿಗಾಗಿ ಶೆಡ್ಡಿಗೆ ಹೋದರೆ, ಬಿಸಿಗಾಳಿ ಬಾರದಿರಲೆಂದು ಹಿಂಬಾಗಿಲು ಹಾಕಿಕೊಂಡು, ವನದುರ್ಗದ ಅಯ್ಯಮ್ಮ ಡ್ರಮ್ಮಿನೊಳಗೆ ತಲೆಯಿಟ್ಟು ತಿಕ್ಕುತ್ತಿದ್ದಳು.

‘ಹೊರಗ ಬಾ ಅಕ್ಕಾ.’

‘ಯಾಕ ಬರ್ಲಿ? ಜತಿಗಿ ತಿಕ್ಕತಿದ್ದ ಸೂಗಪ್ಪ ಗ್ಯಾಸ್ ಕುಡಿದು ಇಲ್ಲೇ ಬಿದ್ದಾಗಿಂದ ಡ್ರಮ್ಮಿಗೊಮ್ಮಿ ಹೊರಗ ಹೋಗಿ ಉಸರ ತಗೊಂಡು ಬರ್ತಿದ್ದೆ. ಈಗ ಹಸರ ಹತ್ತೈತಂತಲ್ಲ. ನಿನ್ನ ಡಬ್ಬಿ ಮೂಸ್ಲಿ, ನಾ ತಿಕ್ಕತೀನಿ.’

‘ಡಬ್ಬಿ ನಂಬಬ್ಯಾಡ.’

‘ನಿನ್ನ ನಂಬೀನಿ ತಗೊ. ನಮ್ಮ ಮೈದುನನ ಮೋಟಾರ ಎರಡ ಸಲ ಸುಟ್ಟೀದಿ, ಆದ್ರೂ ನಂಬೀನಿ.’

ಅವಳ ತಲೆ ಮತ್ತೆ ಡ್ರಮ್ಮಿನೊಳಗೆ ಹೋಯಿತು. ರಾಜಾಸಾಬ ಹಿಂಬಾಗಿಲು ಒದ್ದು ತೆರೆದು ಆಫೀಸಿಗೆ ಓಡಿದ. ಸಾಹೇಬರು ಆಗಲೇ ಪ್ಯಾನೆಲ್ಲಿನ ಮುಂದೆ ನಿಂತಿದ್ದರು. ಅಜರುದ್ದೀನ ಒಂದೊಂದು ದೀಪವನ್ನೂ ಮದುಮಗನನ್ನು ತೋರಿಸುವ ಹಾಗೆ ತೋರಿಸುತ್ತಿದ್ದ. ಐದು, ಆರು... ಸುಟ್ಟ ಮೋಟಾರಾದರೆ ಸುತ್ತಿಕೊಡಬಹುದಿತ್ತು.

ರಾಜಾಸಾಬ ಪ್ಯಾನೆಲ್ಲಿನ ಹಿಂದೆ ಕೈ ಹಾಕಿ ರೆಸಿಸ್ಟರಿನ ಕಾಳನ್ನು ಕಿತ್ತ. ಏಳನೆಯದು ಹಳದಿಯಾಗಿ, ಪ್ಯಾನೆಲ್ಲು ಕಿರುಗುಟ್ಟಿತು.

‘ಏನಪ್ಪಾ ಇದು?’ ಎಂದರು ಸಾಹೇಬರು.

‘ಸುಳ್ಳು ಹಸರ ಇತ್ತರಿ. ನಾನೇ ಹಾಕಿದ್ದೆ.’

ಸಾಹೇಬರು ಎರಡು ಸಾಲು ಬರೆದರು. ಶೆಡ್ಡಿಗೆ ಬೀಗ ಬಿತ್ತು. ಅಜರುದ್ದೀನ ಮೆಲ್ಲಗೆ, ‘ಸಾಮಾನ ಕಟ್ಟು. ಇನ್ನ ಯಾದಗಿರ್ಯಾಗ ನಿನಗ ಕೆಲಸ ಇಲ್ಲ,’ ಎಂದ.

ಗೇಟಿನಾಚೆ ಅಯ್ಯಮ್ಮ ಬುತ್ತಿಗಂಟು ಹಿಡಿದು ನಿಂತಿದ್ದಳು. ‘ಹಸರ ಇದ್ದದ್ದು ಹಳದಿ ಮಾಡಿದಿ. ನಾಳಿ ನಾ ಎಲ್ಲಿ ದುಡಿಲಿ?’

‘ಅದು ಸುಳ್ಳಿತ್ತಕ್ಕಾ.’

‘ಸುಳ್ಳರ ಇರ್ಲಿ, ಕೆಲಸ ಖರೇ ಇತ್ತಲ್ಲ.’

ಅಂದವಳಿಗೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವ ತನಕ ರಾಜಾಸಾಬ ಅವಳ ಗಂಟು ಹಿಡಿದು ನಿಂತ. ಅಷ್ಟರಲ್ಲಿ ಸುರಪುರದ ಬಸ್ಸು ಹೋಗಿಬಿಟ್ಟಿತು.