ಪದಕಕ್ಕೆ ನಡೆದು ಹೋದ ಬೂಟಣ್ಣ

ನಮ್ಮ ಭಾವನ ಮುಖ ನೋಡಿದವರಿಗಿಂತ ನೆತ್ತಿ ನೋಡಿದವರೇ ಹೆಚ್ಚು. ದಂಡಿನ ಬೂಟು ರಿಪೇರಿ ಕೋಣೆಯಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಮೊಣಕಾಲುಗಳ ನಡುವೆ ಬೂಟನ್ನು ಮಗುಚಿ ಹಿಡಿದು, ತುಟಿಯಲ್ಲಿ ಮೊಳೆ ಕಚ್ಚಿಕೊಂಡು ಬಗ್ಗಿದರೆಂದರೆ ಸೂರು ಕಳಚಿ ಬಿದ್ದರೂ ತಲೆಯೆತ್ತುವ ಪೈಕಿಯಲ್ಲ. ಬಾಗಿಲಲ್ಲಿ ನಿಂತವನು ಸಿಪಾಯಿಯೋ ಸಾಹೇಬನೋ ಎಂದು ಕಾಲು ನೋಡಿಯೇ ತಿಳಿಯುತ್ತಿದ್ದರು. ಅವರೂ ಸಿಪಾಯಿಯೇ. ಆದರೆ ಸೇರಿದ ಹೊಸದರಲ್ಲಿ ಬಂದೂಕು ಹಿಡಿದದ್ದು ಬಿಟ್ಟರೆ, ಆಮೇಲೆಲ್ಲ ಹಿಡಿದದ್ದು ಸುತ್ತಿಗೆ, ದಬ್ಬಳ ಮತ್ತು ತೊಗಲು ಉಜ್ಜುವ ಅರ. ಇಡೀ ದಂಡು ಅವರನ್ನು ಬೂಟಣ್ಣ ಎಂದೇ ಕರೆಯುತ್ತಿತ್ತು.

ಆಗ ನಾನು ಅಕ್ಕನ ಮನೆಯಲ್ಲಿದ್ದುಕೊಂಡು ಬಡಗಿ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ಭಾವ ಬಂದವರೇ ಕೈಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕೂತರು. ಇಷ್ಟು ವರ್ಷ ಒಂದು ಕಪ್ಪುಚುಕ್ಕೆಯೂ ಇಲ್ಲದೆ ದುಡಿದವರಿಗೆ ಕೊಡುವ ದೀರ್ಘ ಸೇವೆಯ ಪದಕ ಅವರಿಗೆ ಮಂಜೂರಾಗಿತ್ತು. ಆ ಖುಷಿ ಮಾತ್ರ ಮುಖದಲ್ಲಿರಲಿಲ್ಲ.

"ಏನಂದ್ರು ದೊಡ್ಡ ಸಾಹೇಬ್ರು?" ಎಂದಳು ಅಕ್ಕ.

"ನಿನ್ನ ಮಂಡಿ ಸರಿಯಿಲ್ಲ, ಮೈದಾನದಲ್ಲಿ ಅಷ್ಟು ದೂರ ನಡೆಯೋದು ಬೇಡ. ನನ್ನ ಕೋಣೆಗೆ ಬಾ, ಕುರ್ಚಿ ಹಾಕಿಸ್ತೀನಿ, ಅಲ್ಲೇ ಕೊಡ್ತೀನಿ ಅಂದ್ರು."

"ಒಳ್ಳೇ ಮನಸ್ಸಿಂದಾನೇ ಹೇಳಿದಾರೆ."

"ಹೌದು ಕಣೆ. ಆದ್ರೆ ಇಷ್ಟು ವರ್ಷ ಅಷ್ಟೂ ಜನ ನಡೆದದ್ದು ನಾನು ಹೊಡೆದ ಮೊಳೆ ಮೇಲೆ. ಒಂದು ಸಲ ನಾನೂ ನಡೀಬೇಕು."

ಭಾವ ತಮಗಾಗಿ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾದ್ರೆ ನಡೀರಿ ಅಂಗಳಕ್ಕೆ."

ಅಂದಿನಿಂದ ನಮ್ಮ ಅಂಗಳವೇ ಕವಾಯತು ಮೈದಾನವಾಯಿತು. ಅಕ್ಕ ತಟ್ಟೆಯ ಮೇಲೆ ಸೌಟಿನಿಂದ ತಾಳ ಹಾಕುವುದು, ಭಾವ ಒಗೆದ ಬಟ್ಟೆಗಳ ಅಡಿಯಲ್ಲಿ ನುಸುಳಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುವುದು. ಕೂತೂ ಕೂತೂ ಕಾಲು ಕಮಾನಿನಂತೆ ಬಾಗಿತ್ತು. ಅಕ್ಕಪಕ್ಕದವರು ಗೋಡೆಯ ಮೇಲೆ ಗಲ್ಲವಿಟ್ಟು ನೋಡಿದರು. ದಂಡಿನಲ್ಲಿ ಕವಾಯತು ಕಲಿಸುವ ಮೇಷ್ಟ್ರೂ ಬಂದರು.

"ಬೂಟಣ್ಣ, ನೀನು ನಡೀತಾ ಇಲ್ಲ, ಬೀರು ಸರಿಸ್ದಂಗೆ ಸರೀತಾ ಇದ್ದೀಯ."

"ಬೀರು ತುಂಬಿದೆ ಮೇಷ್ಟ್ರೆ, ಖಾಲಿ ಆಗಿದ್ರೆ ನಿಮ್ಮ ಥರ ಹಾರಾಡ್ತಿತ್ತು," ಎಂದಳು ಅಕ್ಕ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ದಿನಾ ಬಂದರು. ಬೈದರು, ಬೆವರಿಳಿಸಿದರು, ಕೊನೆಗೊಂದು ದಿನ ಬೈಯುವುದನ್ನು ನಿಲ್ಲಿಸಿದರು. ಬೂಟಣ್ಣ ಮೈದಾನದಲ್ಲೇ ನಡೆಯುತ್ತಾನೆಂದು ದೊಡ್ಡ ಸಾಹೇಬರನ್ನೂ ಅವರೇ ಒಪ್ಪಿಸಿದರು. ಆಗ ನಮಗೂ ಧೈರ್ಯ ಬಂತು.

ಪದಕ ಕೊಡುವ ಹಿಂದಿನ ದಿನ ಭಾವ ತಮ್ಮ ಬೂಟು ಹಿಡಿದು ಕೂತರು. ಅದೇನು ಉಜ್ಜಿದ್ದು, ಅದೇನು ತಿಕ್ಕಿದ್ದು! ನೋಡಿದರೆ ಮೇಲ್ಭಾಗವಷ್ಟೇ ಅಲ್ಲ, ಕೆಳಗಿನ ಅಟ್ಟೆಯೂ ಕನ್ನಡಿಯ ಹಾಗೆ ಫಳಫಳ.

"ಭಾವ, ಅಟ್ಟೆಗೂ ಪಾಲಿಶ್ ಹಾಕಿಬಿಟ್ರಾ?"

"ಅದೇ ಅಲ್ವೇನೋ ಬೂಟಿನ ಮುಖ!"

ಜೀವಮಾನವೆಲ್ಲ ಬೂಟನ್ನು ಮಗುಚಿ ನೋಡಿದವರು ಅವರು. ಅವರ ಲೆಕ್ಕಕ್ಕೆ ಅದೇ ಸರಿ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಬೆಳಿಗ್ಗೆ ಹೊರಡುವಾಗ ಅಕ್ಕ ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಕೈಹಾಕಿ ಅರದ ತುಂಡನ್ನು ಹೊರಗೆಳೆದಳು. "ಪದಕ ತಗೊಳ್ಳೋಕೆ ಹೋಗ್ತಿದೀರೋ, ಸಾಹೇಬ್ರ ಬೂಟು ಉಜ್ಜೋಕೋ?"

"ಅದಿಲ್ದೆ ಹೊರಗೆ ಹೋಗಿ ಅಭ್ಯಾಸ ಇಲ್ಲ, ಕೊಡೆ," ಎಂದು ಭಾವ ಕಿತ್ತುಕೊಂಡು ಮತ್ತೆ ಜೇಬಿಗೆ ಹಾಕಿಕೊಂಡರು. ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಭಾವ ಚಪ್ಪಲಿಯಲ್ಲಿ ನಡೆದರು; ಅಟ್ಟೆಗೆ ಮಣ್ಣಾಗಬಾರದಲ್ಲ, ಬೂಟು ಚೀಲದಲ್ಲಿತ್ತು. ಮೈದಾನದಂಚಿನ ಹುಲ್ಲಿನ ಮೇಲೆ ಅದನ್ನು ಹಾಕಿಕೊಂಡು ಅಲ್ಲೇ ನಿಂತರು. ನಾವು ಮನೆಯವರಿಗೆಂದು ಹಾಕಿದ್ದ ಬೆಂಚಿನ ಮೇಲೆ ಕೂತೆವು.

ಹೆಸರು ಕೂಗಿದರು. ಭಾವ ಎದೆಯುಬ್ಬಿಸಿ ಹುಲ್ಲು ದಾಟಿದರು. ವೇದಿಕೆಯ ಮುಂದೆ ನುಣ್ಣನೆಯ ಸಿಮೆಂಟು ನೆಲ. ಮೊದಲ ಹೆಜ್ಜೆ ಇಟ್ಟರೋ ಇಲ್ಲವೋ, ಎಡಗಾಲು ಅತ್ತ ಹೋಯಿತು, ಟೋಪಿ ಇತ್ತ ಹಾರಿತು, ಭಾವ ದೊಪ್ಪನೆ ಕೂತುಬಿಟ್ಟರು.

ಹೊಸ ಹುಡುಗರ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಮೇಷ್ಟ್ರು ಕೆಕ್ಕರಿಸಿದ ಮೇಲೆ ಅದೂ ಸತ್ತಿತು. ದೊಡ್ಡ ಸಾಹೇಬರು ಪದಕ ಹಿಡಿದೇ ಮೆಟ್ಟಿಲಿಳಿದರು. "ಏಳಬೇಡ, ಅಲ್ಲೇ ಇರು. ನಾನೇ ಬರ್ತೀನಿ."

ಇಷ್ಟು ಪಾಡುಪಟ್ಟು ಕೊನೆಗೆ ಕೂತೇ ತೆಗೆದುಕೊಳ್ಳಬೇಕೇ?

ಭಾವ ಕೈಯೆತ್ತಿ ತಡೆದರು. "ಬೇಡಿ ಸಾಹೇಬ್ರೆ. ಸಣ್ಣ ರಿಪೇರಿ, ಈಗ ಮುಗಿಯುತ್ತೆ. ನಾನೇ ಬರ್ತೀನಿ."

ಅಷ್ಟೂ ದಂಡಿನ ಎದುರಿಗೆ, ತಮ್ಮ ಕೋಣೆಯಲ್ಲೇ ಕೂತಿದ್ದಾರೇನೋ ಎಂಬಂತೆ, ಒಂದು ಪಾದವನ್ನೆತ್ತಿ ಇನ್ನೊಂದು ಮೊಣಕಾಲ ಮೇಲಿಟ್ಟುಕೊಂಡರು. ಜೇಬಿನಿಂದ ಅರ ತೆಗೆದು ಅಟ್ಟೆಯನ್ನು ಕರಕರ ಉಜ್ಜಿ ಒರಟು ಮಾಡಿದರು. ಆಮೇಲೆ ಇನ್ನೊಂದನ್ನು. ಆ ಸದ್ದು ಬಿಟ್ಟರೆ ಮೈದಾನದಲ್ಲಿ ಪಿಟ್ಟೆನ್ನುವವರಿಲ್ಲ. ನಗುವುದಾದರೂ ಯಾರು? ಅಲ್ಲಿದ್ದ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಬರಿಗಾಲಲ್ಲಿ ನಿಂತು ಆ ಸದ್ದು ಮುಗಿಯಲೆಂದು ಕಾದವನೇ. ಸಾಹೇಬರು ಮೆಲ್ಲನೆ ಹಿಂದೆ ಸರಿದು ಮೆಟ್ಟಿಲು ಹತ್ತಿ, ತಮ್ಮ ಜಾಗದಲ್ಲಿ ನೆಟ್ಟಗೆ ನಿಂತರು.

"ಪುಣ್ಯಕ್ಕೆ ಅರ ಜೇಬಲ್ಲಿತ್ತು," ಎಂದಳು ಅಕ್ಕ, ತಾನೇ ಇಟ್ಟು ಕಳಿಸಿದವಳ ಹಾಗೆ.

ಭಾವ ಎದ್ದರು. ಟೋಪಿ ಕೊಡವಿ ಇಟ್ಟುಕೊಂಡರು. ನಡೆದರು. ಭಾರ ಹೊತ್ತ ಗಾಡಿಯ ಹಾಗೆ ಒಂದು ಕಡೆಗೆ ವಾಲುತ್ತಿದ್ದರು, ಅದು ನಿಜ. ಆದರೆ ತಾಳ ತಪ್ಪಲಿಲ್ಲ. ಅಕ್ಕ ಬೆರಳಿನಿಂದ ಬೆಂಚು ಕುಟ್ಟುತ್ತಿದ್ದಳು, ಬೂಟಿನ ಸದ್ದು ಅದಕ್ಕೆ ಸರಿಯಾಗಿ ಬೀಳುತ್ತಿತ್ತು. ವೇದಿಕೆ ಹತ್ತಿ ಸಾಹೇಬರ ಮುಂದೆ ನಿಂತು ಹೊಡೆದ ಸಲಾಮು ನಮ್ಮ ಬೆಂಚಿನವರೆಗೂ ಕೇಳಿಸಿತು.

"ರಿಪೇರಿ ಆಯ್ತಾ?" ಎಂದರು ಸಾಹೇಬರು, ಪದಕ ಚುಚ್ಚುತ್ತಾ.

"ಆಯ್ತು ಸಾಹೇಬ್ರೆ. ನಿಮ್ಮ ಬಲಗಡೆ ಹಿಮ್ಮಡಿ ಕೂಡ ಸವೆದಿದೆ, ಕಳಿಸಿಕೊಡಿ."

ಸಾಹೇಬರು ನಕ್ಕದ್ದಕ್ಕೆ ಇಡೀ ಸಾಲು ನಕ್ಕಿತು. ಭಾವ ಮಾತ್ರ ನಗಲಿಲ್ಲ. ಸರ್ರನೆ ತಿರುಗಿ, ಬಂದ ದಾರಿಯಲ್ಲೇ ನಡೆದು ಬಂದರು. ಮನೆಗೆ ಬಂದು ಪದಕ ಬಿಚ್ಚಿದವರೇ ಮೊದಲು ಅದನ್ನು ಮಗುಚಿ ಹಿಂಭಾಗ ನೋಡಿದರು. "ಕೆಲಸ ಚೆನ್ನಾಗಿದೆ," ಎಂದು ಅಕ್ಕನ ಕೈಗಿಟ್ಟರು. ಅವಳು ಅದನ್ನು ಓಣಿಯ ಒಂದು ಮನೆಯೂ ಬಿಡದೆ ತೋರಿಸಿ ಬಂದಳು.

ಮರುದಿನ ಬುತ್ತಿ ಕೊಡಲು ನಾನು ರಿಪೇರಿ ಕೋಣೆಗೆ ಹೋದಾಗ ನನ್ನ ಹಿಂದೆಯೇ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಭಾವ ಎಂದಿನಂತೆ ತಲೆಯೆತ್ತಲಿಲ್ಲ.

"ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತಲ್ಲ ಸಾಹೇಬ್ರೆ," ಎಂದರು, ತುಟಿಯ ಮೊಳೆಗಳ ಸಂದಿಯಿಂದಲೇ.

"ನಾನೂ ನಡೆದೇ ಬರೋಣ ಅನ್ನಿಸ್ತು, ಬೂಟಣ್ಣ," ಎಂದು ದೊಡ್ಡ ಸಾಹೇಬರು ಬೂಟು ಬಿಚ್ಚಿ, ಬರಿಗಾಲಲ್ಲಿ ನಿಂತರು.