ಬನಹಟ್ಟಿಯವರ ಗಂಟು, ಬೆಂಗಳೂರಿನ ಪದಕ

ಬೆಳಗಿನ ಐದೂವರೆ. ಬನಹಟ್ಟಿಯ ಈ ಓಣಿಯಲ್ಲಿ ಕರೆಂಟ್ ಇನ್ನೂ ಬಂದಿಲ್ಲ. ಬಂತೆಂದರೆ ಓಣಿಯ ಅಷ್ಟೂ ಪಾವರ್‌ಲೂಮುಗಳು ಒಟ್ಟಿಗೆ ಶುರುವಾಗುತ್ತವೆ, ಆಮೇಲೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಆ ಗದ್ದಲಕ್ಕೆ ಮೊದಲೇ ಆದಷ್ಟು ಮಾಡಿಕೊಳ್ಳೋಣವೆಂದು ಶಿದ್ರಾಮಪ್ಪ ಕೊಣ್ಣೂರ ಮಗ್ಗದ ಹಿಂದೆ ಗೋಣಿಚೀಲ ಹಾಸಿಕೊಂಡು, ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದಾರೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ತೀರಿದೆ. ತೀರಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸಬೇಕು. ಈ ಕೆಲಸಕ್ಕೆ ಕೆಚ್ಚುವುದು ಅನ್ನುತ್ತಾರೆ. ಎಳೆಯ ತುದಿ ನಾಲಿಗೆಗೆ ಮುಟ್ಟುತ್ತದೆ, ಹೆಬ್ಬೆರಳು ಒಂದು ಸಲ ತಿರುಗುತ್ತದೆ, ಅಷ್ಟರಲ್ಲಿ ಎರಡು ಎಳೆ ಒಂದಾಗಿರುತ್ತವೆ.

ಒಂದು ಹಾಸಿನಲ್ಲಿ ಎರಡು ಸಾವಿರದ ಎಂಟುನೂರು ಎಳೆ. ಮೊದಲೆಲ್ಲ ನಾಲ್ಕು ತಾಸಿನಲ್ಲಿ ಮುಗಿಸುತ್ತಿದ್ದರು. ಈಗ ಐವತ್ತನಾಲ್ಕು ವಯಸ್ಸು, ಎಡಗಣ್ಣಿಗೆ ಪೊರೆ, ಆರು ತಾಸು ಬೇಕು. ಊಟದ ಹೊತ್ತಿಗೆ ಒಂದು ಮಗ್ಗ, ಸಂಜೆಗೆ ರಬಕವಿ ಕಡೆಯದೊಂದು ಅರ್ಧ. "ಎಣಸೂದು ಬಿಟ್ಟೇನ್ರಿ. ಎಣಿಸಿದ್ರ ಕೈ ನಿಂದರತೈತಿ," ಅನ್ನುತ್ತಾರೆ. ಮಾತಾಡುವಾಗಲೂ ಕಣ್ಣು ಎಳೆಯ ಮೇಲೆಯೇ ಇದೆ.

ಇದೇ ಕೈ ಹಾಕಿದ ಆರುನೂರ ನಲವತ್ತು ಗಂಟುಗಳು ಒಂದು ಉಪಗ್ರಹದ ಹೊಟ್ಟೆಯಲ್ಲಿವೆ ಎಂದರೆ ಓಣಿಯಲ್ಲಿ ನಗುವವರೇ ಹೆಚ್ಚು. ಶಿದ್ರಾಮಪ್ಪನವರೂ ಯಾರಿಗೂ ಹೇಳಹೋಗುವುದಿಲ್ಲ. ಆ ಗಂಟುಗಳ ಬಗ್ಗೆ ಇವರ ಒಂದು ಮಾತನ್ನು ನಂಬಬೇಕಾದವರು ಒಬ್ಬರೇ ಇದ್ದಾರೆ, ಅವರೇ ಅದನ್ನು ನಂಬಿಲ್ಲ. ಹೆಂಡತಿ ಅನಸವ್ವ.

ಕತೆ ಶುರುವಾದದ್ದು ಹದಿನಾಲ್ಕು ವರ್ಷದ ಹಿಂದೆ, ೧೯೭೯ರಲ್ಲಿ. ಜಮಖಂಡಿಯ ಮಾಸ್ತರರೊಬ್ಬರ ಮಗ ಪ್ರಹ್ಲಾದ ಗಲಗಲಿ, ಬೆಂಗಳೂರಿನ ಪೀಣ್ಯದ ಒಂದು ಖಾಸಗಿ ಕಾರ್ಖಾನೆಯಲ್ಲಿ ಎಂಜಿನಿಯರು. ತಂಗಿಯ ಮದುವೆಗೆ ಸೀರೆ ಕೊಳ್ಳಲು ಬನಹಟ್ಟಿಗೆ ಬಂದವರು ಸೀರೆ ಮರೆತು, ಒಂದು ತಾಸು ಶಿದ್ರಾಮಪ್ಪನವರ ಬೆರಳು ನೋಡುತ್ತ ನಿಂತರಂತೆ. ಅವರ ಕಾರ್ಖಾನೆಯಲ್ಲಿ ಉಪಗ್ರಹಗಳಿಗೆ ಬೇಕಾದ ತಂತಿಯ ಕಟ್ಟುಗಳನ್ನು ಮಾಡುತ್ತಿದ್ದರು. ಕೂದಲಿನಷ್ಟು ಸಣ್ಣ ತಂತಿಗಳನ್ನು ನೂರಾರು ಸೇರಿಸಿ, ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕಬೇಕು. ಸಡಿಲಾದರೆ ರಾಕೆಟ್ಟಿನ ನಡುಕಕ್ಕೆ ಬಿಚ್ಚುತ್ತದೆ, ಬಿಗಿಯಾದರೆ ತಂತಿ ಕೊಯ್ಯುತ್ತದೆ. ಕಲಿತವರ ಕೈಗೆ ಅದು ಒಲಿದಿರಲಿಲ್ಲ. ಗಲಗಲಿಯವರು ಶಿದ್ರಾಮಪ್ಪನವರನ್ನು ಹೆಂಡತಿ, ಮಗಳ ಸಮೇತ ಬೆಂಗಳೂರಿಗೆ ಕರೆದುಕೊಂಡು ಹೋದರು. ಕಾರ್ಖಾನೆಯವರು ಎರಡು ಕೋಣೆಯ ಮನೆ ಕೊಟ್ಟರು. ಮಗಳು ಸಾತವ್ವ ಸಾಲಿಗೆ ಸೇರಿದಳು.

ಬಿಳಿ ಕೋಟು, ಬಿಳಿ ಟೊಪ್ಪಿಗೆ, ಬಾಯಿಗೆ ಬಟ್ಟೆ. ಏಳು ವರ್ಷ ಹಾಗೆ ಕೂತು ಗಂಟು ಹಾಕಿದರು. "ಸಾಹೇಬ್ರು ನನ್ನ ಗಂಟು ನೋಡಿ, ಇದಕ್ಕ ಪರೀಕ್ಷೆ ಬ್ಯಾಡ ಅಂತಿದ್ರು. ಅದಽ ನನಗ ದೊಡ್ಡ ಬಹುಮಾನ ಆಗಿತ್ತು," ಎಂದು ನೆನೆಯುತ್ತಾರೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ೧೯೮೬ರ ಬೇಸಿಗೆ. ಸೆಕೆಗೆ ಬಾಯಿಯ ಬಟ್ಟೆ ಕೆಳಗೆ ಜಾರಿಸಿಕೊಂಡು ಕೆಲಸ ಮಾಡುತ್ತಿದ್ದ ದಿನಗಳವು. ಒಂದು ಸಂಜೆ ಗೇಟಿನ ಹೊರಗೆ ಚಹಾ ಕುಡಿಯುವಾಗ ನಾಲಿಗೆ ಜಿಡ್ಡು ಜಿಡ್ಡಾಗಿ ರುಚಿಯೇ ಹತ್ತಲಿಲ್ಲ. ನಾಲಿಗೆಯನ್ನು ಬೆರಳಿನಿಂದ ತಿಕ್ಕಿಕೊಂಡು ನೋಡಿದರು. ಮೇಣ. ನೇಕಾರನ ನಾಲಿಗೆ ತನ್ನಷ್ಟಕ್ಕೆ ತಾನು ದಾರದ ತುದಿಯನ್ನು ಎಂಜಲು ಮಾಡುತ್ತಲೇ ಇತ್ತು, ಕೈಗೂ ಗೊತ್ತಿರಲಿಲ್ಲ, ಕಣ್ಣಿಗೂ ಗೊತ್ತಿರಲಿಲ್ಲ. ಎಂಜಲಿನಲ್ಲಿ ಉಪ್ಪಿರುತ್ತದೆ. ಉಪ್ಪು ತಾಗಿದ ಲೋಹ ವರ್ಷದೊಳಗೆ ತುಕ್ಕು ಹಿಡಿಯಬಹುದು ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸಿದ್ದರು. ಮೇಲೆ ಹೋದದ್ದನ್ನು ಕೆಳಗಿಳಿಸಿ ಒರೆಸಲು ಆಗುವುದಿಲ್ಲ.

ಆ ಬೇಸಿಗೆಯಲ್ಲಿ ಅವರು ಗಂಟು ಹಾಕಿದ ತಂತಿಯ ಕಟ್ಟು ಪರೀಕ್ಷೆ ಮುಗಿಸಿ ಪಾಸಾಗಿತ್ತು. ನಾಲ್ಕು ದಿನಕ್ಕೆ ಕಳಿಸುವುದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಶಿದ್ರಾಮಪ್ಪ ಗಲಗಲಿಯವರ ಮೇಜಿನ ಮುಂದೆ ನಿಂತು, "ಸಾಹೇಬ್ರ, ಅದು ಎಂಜಲಾಗೈತ್ರಿ," ಅಂದರು.

ಯಾವ ಗಂಟು ಎಂಜಲು, ಯಾವುದು ಅಲ್ಲ ಎಂದು ಹೇಳುವವರಿರಲಿಲ್ಲ. ಅಷ್ಟನ್ನೂ ಕತ್ತರಿಸಿ, ತಂತಿ ಒರೆಸಿ, ಮತ್ತೆ ಕಟ್ಟಬೇಕಾಯಿತು. ಕಟ್ಟುವುದಕ್ಕೂ ಅವರ ಕೈಯೇ ಬೇಕಾಯಿತು. ಹನ್ನೊಂದು ದಿನ ಬಾಯಿಗೆ ಎರಡೆರಡು ಬಟ್ಟೆ ಬಿಗಿದುಕೊಂಡು ಆರುನೂರ ನಲವತ್ತು ಗಂಟು ಹಾಕಿದರು. ಹನ್ನೆರಡನೆಯ ದಿನ ಕೆಲಸದಿಂದ ತೆಗೆದರು.

ತೆಗೆದ ಕಾಗದದಲ್ಲಿ "ಎಂಜಿನಿಯರ್ ಗಲಗಲಿಯವರು ತಪಾಸಣೆಯಲ್ಲಿ ತಪ್ಪನ್ನು ಪತ್ತೆ ಹಚ್ಚಿದರು" ಎಂದಿತ್ತು. ಕೆಲಸಗಾರನೇ ಬಂದು ಹೇಳಿದ ಎಂದು ಬರೆದರೆ ನಿಮ್ಮ ತಪಾಸಣೆಯವರು ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆ ಬರುತ್ತದೆ, ಕಾರ್ಖಾನೆಗೆ ಮುಂದಿನ ಕೆಲಸವೇ ಸಿಗುವುದಿಲ್ಲ ಎಂದು ಗಲಗಲಿಯವರು ತಿಳಿಸಿ ಹೇಳಿದ್ದರು. ಶಿದ್ರಾಮಪ್ಪ ಹೂಂ ಅಂದಿದ್ದರು. "ನಲವತ್ತು ಮಂದಿ ಹೊಟ್ಟಿ ಅದರ ಮ್ಯಾಲಿತ್ರಿ. ನಂದೊಂದು ಹೆಸರು ಹೋದ್ರ ಏನಾತು ಅಂದೆ. ಹೆಸರು ಅಂದ್ರ ಏನಂತ ಆವಾಗ ತಿಳಿದಿರ್ಲಿಲ್ಲ."

ಮುಂದಿನ ವರ್ಷ ಉಪಗ್ರಹ ಹಾರಿತು. ನಾಲ್ಕು ವರ್ಷ ಬಾಳಿದರೆ ಸಾಕು ಅಂದುಕೊಂಡಿದ್ದು ಆರನೆಯ ವರ್ಷಕ್ಕೂ ಕೆಲಸ ಮಾಡುತ್ತಿದೆ. ಉಪಗ್ರಹಗಳಿಗೆ ದುಡಿದ ಎಂಜಿನಿಯರುಗಳಿಗೆ ವರ್ಷಕ್ಕೊಮ್ಮೆ ಪದಕ ಕೊಡುವ ಸಂಘವೊಂದು, ಹಾರುವ ಮೊದಲೇ ಕಣ್ಣಿಗೆ ಕಾಣದ ದೋಷ ಹಿಡಿದದ್ದಕ್ಕಾಗಿ ಗಲಗಲಿಯವರಿಗೆ ಆ ಸಲದ ಪದಕ ಕೊಟ್ಟಿತು. ಅರ್ಜಿಯಲ್ಲಿ ಪದವಿ ಯಾವುದು, ಎಲ್ಲಿ ಪಡೆದದ್ದು ಎಂದು ಕೇಳುವ ಜಾಗವಿತ್ತಂತೆ. ನಾಲ್ಕನೆತ್ತೆ, ಅಂದರೆ ನಾಲ್ಕನೇ ತರಗತಿವರೆಗಷ್ಟೇ ಓದಿದ ಶಿದ್ರಾಮಪ್ಪ ಅದರಲ್ಲಿ ಏನು ತುಂಬಬೇಕು? ಜಮಖಂಡಿಯಲ್ಲಿ ಊರವರು ಗಲಗಲಿಯವರನ್ನು ಹಾರ ಹಾಕಿ ಮೆರೆಸಿದರು. ಶಿದ್ರಾಮಪ್ಪ ಬಸ್ಸು ಹತ್ತಿ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಬಂದರು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂದು ನಾವು ಅನ್ನಬಹುದು, ಅವರು ಅನ್ನಗೊಡುವುದಿಲ್ಲ. "ಸಾಹೇಬ್ರು ಕೆಟ್ಟ ಮನಿಶ್ಯಾ ಅಲ್ರಿ. ಒಂದು ಸುಳ್ಳು ಬರದ್ರು, ಅದು ಬೆಳೀತು. ಏನ್ಮಾಡ್ತಾರ?"

ಸಂಕಟ ಪದಕದ್ದಲ್ಲ. ಕಾರ್ಖಾನೆಯ ಮನೆ ಬಿಟ್ಟು ಬನಹಟ್ಟಿಗೆ ಮರಳಿದಾಗ ಸಾತವ್ವನ ಸಾಲಿ ಏಳನೆತ್ತೆಗೆ ನಿಂತಿತು. ತಾಯಿ-ಮಗಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಕೂತರು. ಸಾತವ್ವ ಈಗ ಹುನ್ನೂರಲ್ಲಿ ಗಂಡನ ಮನೆಯಲ್ಲಿದ್ದಾಳೆ, ಅಲ್ಲಿಯೂ ಅದೇ ಕಂಡಿಕೆ. ತಾನಾಗಿ ಹೇಳಿದೆ ಎಂದು ಗಂಡ ಅಂದಾಗ ಅನಸವ್ವ, "ತನ್ನ ತಪ್ಪು ತಾನಽ ಹೇಳಿ ನೌಕರಿ ಕಳಕೊಳ್ಳೂ ಹುಚ್ಚ ಎಲ್ಲಿರತಾನ? ಸಿಕ್ಕೊಂಡೀರಿ, ಸಿಕ್ಕೊಂಡೆ ಅನ್ರಿ," ಅಂದಿದ್ದರು. ಕಾಗದ ಓದಿಸಿದಾಗ ಕಾಗದವೂ ಅದನ್ನೇ ಹೇಳಿತು. ಅಂದಿನಿಂದ ಏಳು ವರ್ಷ, ಮನೆಯಲ್ಲಿ ಆ ಮಾತಿಲ್ಲ.

ಹೋದ ದೀಪಾವಳಿಗೆ ಗಲಗಲಿಯವರು ಬನಹಟ್ಟಿಗೆ ಬಂದಿದ್ದರು. ಮನಸ್ಸು ಕಡಿಯುತ್ತಿತ್ತೋ ಏನೋ, ಪದಕವನ್ನು ಪೆಟ್ಟಿಗೆ ಸಮೇತ ತಂದು, ಇದು ನಿಂದು, ಇಟಗೋ ಎಂದರು. ಶಿದ್ರಾಮಪ್ಪ ಮುಟ್ಟಲಿಲ್ಲ. "ಇದು ಬ್ಯಾಡ್ರಿ. ಖರೆ ಏನು ಅಂತ ಒಂದು ಮಾತು ಆಕಿ ಮುಂದ ಹೇಳಿಬಿಡ್ರಿ, ಸಾಕು," ಅಂದರು. ಚಹಾ ತಂದ ಅನಸವ್ವ ತಾವೇ ನೇರವಾಗಿ ಕೇಳಿದರು: "ಸಾಹೇಬ್ರ, ಇವರ ತಪ್ಪು ನೀವು ಹಿಡಿದ್ರೋ, ಇವರಽ ಬಂದು ಹೇಳಿದ್ರೋ?"

ಗಲಗಲಿಯವರು ಬಹಳ ಹೊತ್ತು ಕಪ್ಪಿನೊಳಗೆ ನೋಡಿದರು. "ಆಗಿದ್ದು ಆಗಿಹೋತು, ಅನಸವ್ವಾ. ಈಗ್ಯಾಕ ಅದೆಲ್ಲ?" ಅಂದು, ಪದಕ ಎತ್ತಿಕೊಂಡು ಹೋದರು. ಶಿದ್ರಾಮಪ್ಪ ಆ ದಿನ ಊಟ ಮಾಡಲಿಲ್ಲ.

ಗಂಡ ಮಗ್ಗದ ಬಳಿ ಇರುವಾಗ, ಒಳಗೆ ಕಂಡಿಕೆ ಸುತ್ತುತ್ತಿರುವ ಅನಸವ್ವನವರನ್ನು ಪತ್ರಿಕೆಯ ಭಾನುವಾರದ ಪುರವಣಿಗೆ ಬರೆಯಲು ಬಂದ ನಾವು ಅದೇ ಪ್ರಶ್ನೆ ಕೇಳುತ್ತೇವೆ. ಅವರು ರಾಟಿ ನಿಲ್ಲಿಸುತ್ತಾರೆ. "ಆವತ್ತಽ ತಿಳೀತ್ರಿ ನನಗ. ಹಿಡಿದಾಂವ ಆಗಿದ್ರ ನಾ ಹಿಡಿದೆ ಅಂತಿದ್ದ, ಕಪ್ಪಿನ್ಯಾಗ ಏನ್ ನೋಡ್ತಿದ್ದ?" ಮತ್ತೆ ಗಂಡನಿಗೆ ಯಾಕೆ ಹೇಳಲಿಲ್ಲ? "ಸಿಕ್ಕೊಂಡ್ರು ಅಂದ್ರ ನಮ್ಮ ದೈವ ಅಂತ ಸುಮ್ಮನಿರಬೌದು. ತಾವಽ ಹೇಳಿದ್ರು ಅಂದ್ರ, ನನ್ನ ಮಗಳ ಸಾಲಿ ಇವರಽ ಕೈಯಾರೆ ಬಿಡಿಸಿದಂಗ ಆತಲ್ರಿ. ಅದಕ್ಕ ತಿಳಿದ್ರೂ ನಂಬದಂಗ ಇದ್ದೆ. ನಂಬಿದ್ರ ಸಿಟ್ಟೆಲ್ಲ ಇವರ ಮ್ಯಾಲಽ ಬರತಿತ್ತು." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಅವರು ಮಾಡಿದ್ದು ಛಲೋದಽ ಐತ್ರಿ. ಇದು ನನ್ನ ಬಾಯಿಂದ ಅವರ ಮುಂದ ಬರೂದಿಲ್ಲ. ನೀವು ಬರೀರಿ."

ಅಷ್ಟರಲ್ಲಿ ಕರೆಂಟ್ ಬರುತ್ತದೆ, ಓಣಿ ಗಡಗಡ ಎನ್ನುತ್ತದೆ. ಹೊರಡುವ ಮುಂಚೆ ಶಿದ್ರಾಮಪ್ಪನವರ ಕಿವಿಯ ಬಳಿ ಬಾಗಿ, ನಿಮಗೇನು ಬೇಕು ಎಂದು ಕೇಳಬೇಕಾಗುತ್ತದೆ. ಅವರು ಬೆರಳಿನ ಎಳೆ ಬಿಡದೆ, ಗದ್ದಲದ ಮೇಲೆ ಕೂಗಿ ಹೇಳುತ್ತಾರೆ:

"ಶಿದ್ರಾಮಪ್ಪ ತಾನಽ ಹೋಗಿ ಹೇಳಿದ ಅಂತ ಬರೀರಿ. ಪೇಪರಿನ್ಯಾಗ ಬಂದ್ರ ಆಕಿ ನಂಬತಾಳ್ರಿ. ಆಕಿಗೆ ಓದಾಕ ಬರೂದಿಲ್ಲ, ಐತವಾರ ಮಗ್ಗ ಬಂದ್ ಇರತಾವು. ಮುಂದ ಕುಂಡ್ರಿಸಿಕೊಂಡು ನಾನಽ ಓದಿ ಹೇಳ್ತೇನಿ, ಒಂದಕ್ಷರ ಬಿಡದಂಗ."