ದೊರೆಗೆ ಕೊನೆಯ ಸೂಜಿ

ಡಯಾಲಿಸಿಸ್ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ಆಕೆಯನ್ನು ಬೀದಿಯವರೆಲ್ಲ 'ಸಿಸ್ಟರ್' ಅಂತಲೇ ಕರೆಯುತ್ತಿದ್ದರು. ತೋಳನ್ನು ಬೆರಳಿಂದ ಒಮ್ಮೆ ಸವರಿದರೆ ಸಾಕು, ಎಂಥ ಅಡಗಿದ ನರವೂ ಸಿಗುತ್ತಿತ್ತು. ಹೊಸ ಹುಡುಗಿಯರು ಮೂರು ಸಲ ಚುಚ್ಚಿ ಸೋತ ರೋಗಿ ಕೊನೆಗೆ ಬರುತ್ತಿದ್ದದ್ದು ಆಕೆಯ ಕೈಗೇ.

ಅಂಥವಳ ಮನೆಯ ಬೆಕ್ಕಿಗೇ ಕಿಡ್ನಿ ಕೈಕೊಟ್ಟಿತು.

ಅವನ ಹೆಸರು ದೊರೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಮನೆಯ ಮೆತ್ತನೆ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. "ಒಂದೋ ಅದಿರಬೇಕು, ಇಲ್ಲ ನಾನಿರಬೇಕು" ಅಂತ ಮೊದಲ ದಿನ ಹಟ ಹಿಡಿದಿದ್ದ ಅತ್ತೆಯೇ ಆಮೇಲಾಮೇಲೆ ನೆಂಟರಿಗೆ, "ಅದು ದೊರೆ ಜಾಗ, ನೀವು ಮಂಚದ ಮೇಲೆ ಕೂತ್ಕೊಳ್ಳಿ" ಅನ್ನುವಂತಾಗಿದ್ದರು.

"ದಿನಾ ಚರ್ಮದಡಿ ಸಲೈನ್ ಕೊಟ್ರೆ ಒಂದಷ್ಟು ದಿನ ಎಳೀಬಹುದು" ಅಂದರು ಬೆಕ್ಕಿನ ಡಾಕ್ಟರು. "ನಿಮಗೆ ನಾನು ಹೇಳಿಕೊಡೋದೇನಿದೆ?"

ಎಳೆದರು, ಮೂರು ತಿಂಗಳು. ಎಂಟು ಗಂಟೆ ವಾರ್ಡಿನಲ್ಲಿ ನಿಂತು ಬಂದವಳು ಚಪ್ಪಲಿ ಬಿಟ್ಟವಳೇ ಕಿಟಕಿಯ ಸರಳಿಗೆ ಬಾಟಲಿ ನೇತುಹಾಕುತ್ತಿದ್ದಳು. ಅತ್ತೆ ದೊರೆಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತಿದ್ದರು. ಆಮೇಲೆ ಅವನು ಕೊಳೆ ಮಾಡಿದ ಬಟ್ಟೆ ಒಗೆಯಬೇಕು, ಮೀನು ಅರೆದು ಬೆರಳಲ್ಲಿ ನೆಕ್ಕಿಸಬೇಕು. ಗಂಡ ಬಸ್ ಡ್ರೈವರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಸಂಜೆಯದು. ಮೊದಲ ತಿಂಗಳು ಬೆಕ್ಕು ಚೇತರಿಸಿಕೊಂಡು ಪರದೆ ಹತ್ತಿತು, ಮನೆಯವರೆಲ್ಲ ನಕ್ಕರು. ಮೂರನೆಯ ತಿಂಗಳಿಗೆ ಎತ್ತಿದರೆ ಬರೀ ಮೂಳೆ ಕೈಗೆ ತಾಕುತ್ತಿತ್ತು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನಿಂತಿದ್ದಾಗ ಆಕೆಗೆ ಅನಿಸಿಬಿಟ್ಟಿತು: ಮನೆಗೆ ಹೋಗೋ ಹೊತ್ತಿಗೆ ಎಲ್ಲ ಮುಗಿದಿರಬಾರದೇ? ಅನಿಸಿದ್ದೇ ತಡ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅತ್ತಿತ್ತ ನೋಡಿದಳು.

ಮನೆಗೆ ಬಂದರೆ ದೊರೆ ವಾಷಿಂಗ್ ಮೆಷಿನ್ನಿನ ಹಿಂದೆ ಸೇರಿಕೊಂಡಿದ್ದ. ಹೊರಗೆಳೆದು ಸೂಜಿ ಚುಚ್ಚಿದರೆ ನೀರು ಒಳಗಿಳಿಯಲಿಲ್ಲ. ಮತ್ತೆ ಚುಚ್ಚಿದಳು. ಮೂರನೆಯ ಸಲವೂ ಸೂಜಿ ತಪ್ಪಿತು. ಜನ್ಮದಲ್ಲಿ ಆಕೆಯ ಮೇಲೆ ಗುರ್ ಎನ್ನದವನು ಬುಸ್ ಎಂದ.

"ಸಾಕು ಬಿಡಮ್ಮ" ಅಂದರು ಅತ್ತೆ. "ಅವನಿಗೂ ಸಾಕಾಗಿದೆ, ನಿನಗೂ ಸಾಕಾಗಿದೆ."

"ನನಗೇನೂ ಸಾಕಾಗಿಲ್ಲ!" ಎಂದು ರೇಗಿದಳು. ರೇಗಿದ ಮೇಲೆ ನೆಲದ ಮೇಲೇ ಕೂತುಬಿಟ್ಟಳು. "ಅತ್ತೆ, ಬಸ್ಸಲ್ಲಿ ನಾನೇ ಬಯಸಿದೆ, ಇವನು ಹೋಗಿಬಿಡ್ಲಿ ಅಂತ."

ಅತ್ತೆ ಟವೆಲ್ಲು ಮಡಿಸುತ್ತ ಹೇಳಿದರು, "ನಿಮ್ಮ ಮಾವ ಹಾಸಿಗೆ ಹಿಡಿದಾಗ ನಾನೂ ಬಯಸಿದ್ದೆ. ಯಾರಿಗೂ ಹೇಳಿಲ್ಲ. ನಡಿ, ಡಾಕ್ಟರ ಹತ್ರ ಒಯ್ದು ಇವನನ್ನ ನೋವಿಲ್ಲದೆ ಕಳಿಸಿಕೊಡೋಣ."

ಡಾಕ್ಟರು ಮುಂಗಾಲು ಹಿಡಿದು ಬಹಳ ಹೊತ್ತು ಹುಡುಕಿದರು. "ನರ ಸಿಗ್ತಿಲ್ಲ. ನೀವು ಬೇಕಾದ್ರೆ ಹೊರಗಿರಿ ಸಿಸ್ಟರ್."

ಆಕೆ ಹೊರಗೆ ಹೋಗಲಿಲ್ಲ. ದೊರೆಯ ಕಾಲನ್ನು ಬೆರಳಲ್ಲಿ ಸವರಿದಳು, ಹೆಬ್ಬೆರಳಿಂದ ಒತ್ತಿ ಹಿಡಿದಳು. ದಾರದಂಥ ನರ ಮೇಲೆದ್ದಿತು. "ಇಲ್ಲಿ" ಅಂದಳು. ಡಾಕ್ಟರು ಅಲ್ಲೇ ಸೂಜಿ ಚುಚ್ಚಿದರು, ಈ ಸಲ ತಪ್ಪಲಿಲ್ಲ. ಅತ್ತೆ ಅವನ ಹಣೆ ಕೆರೆಯುತ್ತ "ಹೋಗಿ ಬಾರೋ ರಾಜ" ಅಂದರು. ಔಷಧಿ ಒಳಗಿಳಿದು ಮುಗಿಯುವುದರೊಳಗೆ ಅವನ ತಲೆ ಆಕೆಯ ಅಂಗೈಗೆ ಭಾರವಾಗಿ ಒರಗಿತು.

ಸಂಜೆ ಗಂಡ ಬಂದು, ಖಾಕಿ ಬಟ್ಟೆ ಕೂಡ ಬಿಚ್ಚದೆ, ಹಿತ್ತಲ ಗೋಡೆಯ ಬುಡದಲ್ಲಿ ಗುಂಡಿ ತೋಡಿದ. ಮೂವರೂ ಸೇರಿ ಮಣ್ಣು ಮುಚ್ಚಿದರು. ಆ ರಾತ್ರಿ ಆಕೆ ಹೆಣದಂತೆ ನಿದ್ದೆ ಹೋದಳು. ಬೆಳಗ್ಗೆ ಎದ್ದಾಗ ಮೈ ಹಗುರಾಗಿತ್ತು, ಅದಕ್ಕೇ ನಾಚಿಕೆಯಾಯಿತು.

ವಾರ್ಡಿನಲ್ಲಿ ಮೂರನೇ ಹಾಸಿಗೆಯ ಮುದುಕ, ಒಂದು ಕಾಲದ ಬಡಗಿ, ಆಕೆಯ ಮುಖ ನೋಡಿ, "ಯಾಕೆ ಸಿಸ್ಟರ್, ಕಣ್ಣು ಊದಿದೆ?" ಎಂದ.

"ಮನೇಲಿ ಒಬ್ರು ಹೋದ್ರು."

"ಅಯ್ಯೋ, ಯಾರು?"

"ಬೆಕ್ಕು. ಕಿಡ್ನಿ ಹೋಗಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಈ ಮನುಷ್ಯನಿಗೆ ಹೇಳುವ ಮಾತೇ ಅದು? ಮುದುಕ ಪಕ್ಕದಲ್ಲಿ ತನ್ನ ರಕ್ತ ಸೋಸುತ್ತ ತಿರುಗುತ್ತಿದ್ದ ಯಂತ್ರವನ್ನು ನೋಡಿದ, ಆಮೇಲೆ ಆಕೆಯನ್ನು.

"ಕೊನೇಲಿ ಹತ್ತಿರ ಇದ್ರಾ?"

"ಇದ್ದೆ."

"ಮತ್ತಿನ್ನೇನು" ಅಂದ ಅವನು. "ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ. ನನಗಿನ್ನೂ ಮೂರು ಗಂಟೆ ಇದೆ, ಅವನ ಸುದ್ದಿ ಹೇಳಿ."

ಆಕೆ ಕೂತಳು.